ಬೆಳಕನ್ನು ಬೇಡುವ ಮುಖಗಳು

ಡಿಜಿಟಲ್ ಭಾವಚಿತ್ರಗಳನ್ನು ಬರೆಯುವ ಕಲಾವಿದನ ಯೋಗ್ಯತೆಯನ್ನು ಅಳೆಯಬೇಕೆನ್ನುವವರು ಅವನು ಬರೆದ ಸಿನಿಮಾ ನಟನಟಿಯರ ಮುಖಗಳನ್ನು ನೋಡಿ ಒಡನೆಯೇ ತೀರ್ಮಾನಕ್ಕೆ ಬರಬಾರದೆಂಬುದು ನನ್ನ ಬಹುಕಾಲದ ಅಭಿಪ್ರಾಯ. ರಾಜ್‌ಕುಮಾರರ ನಾಸಿಕವನ್ನೂ ಶಂಕರ್‌ನಾಗ್ ಅವರ ಕುರುಚಲು ಗಡ್ಡವನ್ನೂ ನಾಲ್ಕು ಗೆರೆಗಳಲ್ಲಿ ಸೂಚಿಸಿದರೆ ಸಾಕು, ಉಳಿದುದನ್ನು ನೋಡುವವನ ಸ್ಮೃತಿಯೇ ಪೂರ್ಣಮಾಡಿಕೊಳ್ಳುತ್ತದೆ. ಚಿತ್ರಕಾರನಿಗೆ ಸಲ್ಲಬೇಕಾದ ಶ್ಲಾಘನೆಯಲ್ಲಿ ಅರ್ಧಪಾಲು ನಟನಿಗೂ ಮತ್ತಷ್ಟು ನಮ್ಮ ಅಭಿಮಾನಕ್ಕೂ ಸಂದುಹೋಗಿರುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲಿನ ದಿನಗಳಲ್ಲಿ, ಶಿರಸಿಯ ಆಟೋರಿಕ್ಷಾಗಳ ಬೆನ್ನಿನಿಂದ ಹಿಡಿದು ಸಿದ್ದಾಪುರ, ಯಲ್ಲಾಪುರಗಳ ಅಂಗಡಿಬಾಗಿಲುಗಳವರೆಗೆ ಕಾಣಿಸಿಕೊಂಡ ಆ ನಗುಮುಖದ ಅಸಂಖ್ಯ ಚಿತ್ರಗಳಲ್ಲಿ ದುರ್ಬಲ ರೇಖೆಯವು ಎಷ್ಟೋ ಇದ್ದುವು. ಆದರೂ ಅವುಗಳ ಮುಂದೆ ನಿಂತವರು ಮನಸ್ಸು ಕಲಕದೆ ಮುಂದೆ ಹೋಗಲಿಲ್ಲ. ಶೋಕವು ವಿಮರ್ಶೆಯನ್ನು ಕೇಳುವುದಿಲ್ಲ, ಕೇಳಲೂ ಬಾರದು. ವಾರವಾರ ಚಿತ್ರಗಳನ್ನು ನೋಡಿ ಬರೆಯುವ ನನ್ನಂಥವನಿಗೆ ಮಾತ್ರ ಆ ರಿಯಾಯಿತಿ ದೊರೆಯಲಾರದು.

ಸಿನಿಮಾದ ಮುಖವು ಚಿತ್ರಕಾರನ ಕೈಗೆ ಬರುವ ಮುನ್ನವೇ ಒಮ್ಮೆ ಚಿತ್ರವಾಗಿಬಿಟ್ಟಿರುತ್ತದೆ. ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರಿಗಾಗಿ 1957ರಲ್ಲಿ ‘ಪ್ಯಾಸಾ’ವನ್ನೂ 1959ರಲ್ಲಿ ‘ಕಾಗಝ್ ಕೆ ಫೂಲ್’ ಚಿತ್ರವನ್ನೂ ಸೆರೆಹಿಡಿದಾಗ, ಕನ್ನಡಿಗಳ ನೆರವಿನಿಂದ ಸೂರ್ಯರಶ್ಮಿಯನ್ನು ಸ್ಟುಡಿಯೋದ ಕತ್ತಲೆಯೊಳಕ್ಕೆ ತಿರುಗಿಸಿ, ನಾಯಕನಾಯಿಕೆಯರು ನಿಂತ ಜಾಗವನ್ನೇ ಒಂದು ಬೆಳಕಿನ ಸ್ತಂಭವನ್ನಾಗಿ ಮಾಡಿದ ಕಥೆ ಪ್ರಸಿದ್ಧವಾದುದು. ಎಸ್. ರಾಮಚಂದ್ರರು 1977ರ ‘ಘಟಶ್ರಾದ್ಧ’ದ ಕಪ್ಪು-ಬಿಳುಪಿನಲ್ಲಿ ಯಮುನಕ್ಕನ ಪಾತ್ರದ ಮೀನಾ ಕುಟ್ಟಪ್ಪನವರ ಮುಖವನ್ನು ತೋರಿಸಿದ ರೀತಿಯೂ ಹಾಗೆಯೇ, ಎಲ್ಲಿ ಕೆನ್ನೆ ತಗ್ಗಬೇಕು, ಎಲ್ಲಿ ಕಣ್ಣು ನೆರಳಿಗೆ ಸರಿಯಬೇಕು ಎಂಬ ನಿರ್ಣಯವೆಲ್ಲವೂ ಅಲ್ಲಿ ಆಗಿಹೋಗಿದೆ. ಇಂದಿನ ತರುಣನು ಅಂಥದೊಂದು ಸ್ಥಿರಚಿತ್ರವನ್ನು ಟ್ಯಾಬಿನ ಕೆಳಗಿನ ಲೇಯರಿನಲ್ಲಿ ಹಾಸಿ, ಅದನ್ನು ಮಸುಕುಮಾಡಿ, ಮೇಲಿನ ಲೇಯರಿನಲ್ಲಿ ಸ್ಟೈಲಸ್ಸಿನಿಂದ ತಿದ್ದುತ್ತ ಹೋದರೆ ಹೋಲಿಕೆ ತಪ್ಪುವ ಸಂಭವವೇ ಇಲ್ಲ. ಅದನ್ನು ನಾನು ಕಳ್ಳತನವೆನ್ನಲಾರೆ. ಕೈ ಪಳಗುವವರೆಗೆ ಅದು ಸಲ್ಲತಕ್ಕ ಅಭ್ಯಾಸವೇ. ಆದರೆ ಅಲ್ಲಿ ಕಾಣುವ ಬೆಳಕು ಛಾಯಾಗ್ರಾಹಕನದು, ಇವನದಲ್ಲ.

ಇದಕ್ಕೆ ವ್ಯತಿರಿಕ್ತವಾದ ಮೇಲ್ಪಂಕ್ತಿಯೊಂದು ಕನ್ನಡನಾಡಿನಲ್ಲಿಯೇ ಇದೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ, ಚಿತ್ರಮಂದಿರಗಳ ಪ್ರದರ್ಶನಫಲಕಗಳನ್ನೂ ಭಿತ್ತಿಪತ್ರಗಳನ್ನೂ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದ ಕಾಲದಲ್ಲಿ ತೆರೆಯ ಮೇಲಿನ ಸಿನಿಮಾ ಬಹುಮಟ್ಟಿಗೆ ಕಪ್ಪು-ಬಿಳುಪಿನದಾಗಿದ್ದಿತು. ನಾಯಿಕೆಯ ಸೀರೆಯ ಬಣ್ಣ ಯಾವುದು, ಅವಳ ಗಲ್ಲದ ಮೇಲೆ ಬಿದ್ದ ಸಂಜೆಯ ಕೆಂಪು ಎಷ್ಟು ಎಂಬುದನ್ನು ಛಾಯಾಚಿತ್ರ ಹೇಳುತ್ತಿರಲಿಲ್ಲ. ಪಂಡಿತರು ತಮ್ಮ ಕಲ್ಪನೆಯಿಂದಲೇ ಅದನ್ನೆಲ್ಲ ಕೊಡಬೇಕಾಗಿದ್ದಿತು. ಸಿನಿಮಾ ನೋಡಿ ಬಂದವನಿಗೆ ತೆರೆಯ ಮೇಲೆ ಆ ಬಣ್ಣಗಳು ಇರಲಿಲ್ಲವೆಂಬುದೇ ನೆನಪಿಗೆ ಬರುತ್ತಿರಲಿಲ್ಲವೇನೋ. ಕೋಟ್ಯಂತರ ಬಣ್ಣಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುವ ಇಂದಿನವರಿಗೆ ಈ ಕೊರತೆಯ ಭಾಗ್ಯ ಇಲ್ಲ.

ಕೊರತೆಯನ್ನು ತಾವೇ ಬರಮಾಡಿಕೊಂಡವರೂ ಉಂಟು. ಇಂಡೋನೇಷ್ಯದ ಪತ್ರಿಕಾಚಿತ್ರಕಾರ ವೇಧಾ ಅಬ್ದುಲ್ ರಶೀದ್, 1990ರ ಸುಮಾರಿಗೆ ವಯಸ್ಸು ನಲವತ್ತನ್ನು ಮುಟ್ಟಿ ಕಣ್ಣು ಮೊದಲಿನಂತೆ ಸೂಕ್ಷ್ಮಗಳನ್ನು ಹಿಡಿಯದೆ ಹೋದಾಗ, ವಕ್ರರೇಖೆಯನ್ನೇ ತೊರೆದು, ಮುಖವನ್ನು ಸರಳರೇಖೆಯ ಕೋನಾಕೃತಿಗಳಾಗಿ ಒಡೆದು ಒಂದೊಂದಕ್ಕೂ ಒಂದೊಂದು ಗಾಢವರ್ಣವನ್ನು ತುಂಬುವ ಪದ್ಧತಿಯನ್ನು ರೂಪಿಸಿದರು. ಅದು ಕಂಪ್ಯೂಟರಿಗೆ ಹೇಳಿಮಾಡಿಸಿದಂತಿದ್ದುದರಿಂದ ಇಂದು ಉಪೇಂದ್ರರಿಂದ ರಿಷಬ್ ಶೆಟ್ಟರವರೆಗೆ ಎಲ್ಲರ ಮುಖವೂ ನೇರಳೆ, ಕಿತ್ತಳೆ, ಹಸಿರುಗಳ ಚೂರುಗಳಾಗಿ ಒಡೆದು ಜೋಡಿಸಲ್ಪಟ್ಟಿರುವುದನ್ನು ಕಾಣುತ್ತೇವೆ. ಬಹಳಷ್ಟು ನೀರಸ. ಕಣ್ಣಿನ ದೌರ್ಬಲ್ಯದಿಂದ ಒಬ್ಬನಿಗೆ ಅನಿವಾರ್ಯವಾಗಿ ಒದಗಿದ ಶೈಲಿ, ತೀಕ್ಷ್ಣದೃಷ್ಟಿಯ ಸಾವಿರ ಜನರ ಕೈಯಲ್ಲಿ ಬರಿಯ ವೇಷವಾಗಿ ಉಳಿದಿದೆ.

ಮಿತವರ್ಣದ ಪಾಠವನ್ನು ಕಲಿಯುವುದಕ್ಕೆ ನಮ್ಮ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳಲ್ಲಿ ಉಳಿದಿರುವ ಕಾವಿಕಲೆಯನ್ನು, ಜಾತ್ರೆಯ ನೂಕುನುಗ್ಗಲಿಲ್ಲದ ದಿನ ಹೋಗಿ, ನಿಧಾನವಾಗಿ ನೋಡಬೇಕು. ಬಿಳಿಯ ಗಾರೆಯ ಮೇಲೆ ಕಾವಿಬಣ್ಣದ ಗಾರೆಯನ್ನು ಬಳಿದು, ಮೇಲಿನ ಪದರವನ್ನು ಬೇಕಾದಲ್ಲಿ ಕೆರೆದು ತೆಗೆದು, ಒಳಗಿನ ಬಿಳುಪನ್ನು ರೇಖೆಯಾಗಿಯೂ ರೂಪವಾಗಿಯೂ ಹೊರಗೆಡಹುವ ಈ ಕಲೆ ಕೊಂಕಣತೀರದಲ್ಲಿ ಬಳಕೆಯಲ್ಲಿದ್ದು ಈಗ ಕ್ಷೀಣಿಸಿದೆ. ಫೋಟೋಶಾಪಿಗೆ 1994ರಲ್ಲಿ ಲೇಯರುಗಳು ಬಂದುವೆಂದು ಗಣಕದ ಇತಿಹಾಸಕಾರರು ಹೇಳುತ್ತಾರೆ. ಪದರದ ಮೇಲೆ ಪದರವಿಟ್ಟು, ಮೇಲಿನದನ್ನು ಅಳಿಸಿ ಕೆಳಗಿನದನ್ನು ಕಾಣಿಸುವ ಬುದ್ಧಿ ನಮ್ಮ ಗಾರೆಯ ಕೆಲಸಗಾರನಿಗೆ ಅದಕ್ಕೂ ಬಹಳ ಹಿಂದೆಯೇ ಇದ್ದಿತು. ಅವನಿಗೆ ಇಲ್ಲದಿದ್ದುದು ಅನ್‌ಡು ಒಂದೇ. ಕೆರೆದುದು ಕೆರೆದುದೇ ಆದ್ದರಿಂದ ಅವನ ರೇಖೆಯಲ್ಲಿ ಒಂದು ನಿಶ್ಚಯವಿದೆ. ಬೇಕೆಂದಾಗಲೆಲ್ಲ ಹಿಂದಕ್ಕೆ ಹೋಗಬಲ್ಲವನ ರೇಖೆ ಸಾಮಾನ್ಯವಾಗಿ ಅಳುಕುತ್ತದೆ.

ಎರಡೇ ಬಣ್ಣಗಳಲ್ಲಿ ಇಡೀ ದೇಶವನ್ನು ಸುತ್ತಿಬಂದ ಡಿಜಿಟಲ್ ಚಿತ್ರವೊಂದು ಕಾಸರಗೋಡಿನ ಕುಂಬಳೆಯಿಂದ ಹೊರಟದ್ದೆಂಬುದನ್ನು ಇಲ್ಲಿ ನೆನೆಯಬೇಕು. ಊರಿನ ಯುವಕರ ಧ್ವಜಕ್ಕಾಗಿ ಕರಣ್ ಆಚಾರ್ಯರು 2015ರಲ್ಲಿ ಬರೆದುಕೊಟ್ಟ ಹನುಮಂತನ ಮುಖದಲ್ಲಿ ಇರುವುದು ಕೇಸರಿ ಮತ್ತು ಕಪ್ಪು ಮಾತ್ರ. ಮುಖದ ಬಹುಭಾಗ ನೆರಳಿನಲ್ಲಿಯೇ ಅಡಗಿದೆ. ಅದು ಕಾರುಗಳ ಹಿಂದಿನ ಗಾಜನ್ನೇರಿ ಊರೂರು ಸುತ್ತಿದುದಕ್ಕೆ ಭಕ್ತಿ, ರಾಜಕೀಯಗಳ ಕಾರಣಗಳನ್ನು ಬಹಳ ಜನ ಚರ್ಚಿಸಿದ್ದಾರೆ. 2018ರಲ್ಲಿ ಪ್ರಧಾನಮಂತ್ರಿಗಳೂ ಮಂಗಳೂರಿನ ಸಭೆಯಲ್ಲಿ ಅದನ್ನು ಹೊಗಳಿದರು. ನನ್ನ ಕಣ್ಣಿಗೆ ಕುಶಲಕರ್ಮದ ಕಾರಣವೂ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಅರೆಛಾಯೆಗಳಿಲ್ಲದ, ಅಂಚು ಸ್ಪಷ್ಟವಾದ ಆಕೃತಿಗಳನ್ನು ಯಾವ ಸ್ಟಿಕ್ಕರ್ ಅಂಗಡಿಯವನಾದರೂ ಯಾವ ಅಳತೆಗಾದರೂ ಕತ್ತರಿಸಿಕೊಡಬಲ್ಲ. ಆ ಮುಖದಲ್ಲಿರುವುದು ಕೋಪವಲ್ಲ, ಠೀವಿ ಎಂಬ ಅರ್ಥದ ಮಾತನ್ನು ಕಲಾವಿದರೇ ಆಡಿದ್ದಾರೆ. ಹುಬ್ಬಿನ ಒಂದು ಓರೆಗೆರೆಯಿಂದ ಜನ ಇಷ್ಟೊಂದು ಓದಿಕೊಂಡರೆ ಗೆರೆಯ ಶಕ್ತಿಯನ್ನು ಮೆಚ್ಚಲೇಬೇಕು.

ಆದರೆ ಆಚಾರ್ಯರ ಕೆಲಸದಲ್ಲಿ ನಾನು ಹೆಚ್ಚು ಬೆಲೆ ಕಟ್ಟುವುದು ಆ ಹನುಮಂತನಿಗಲ್ಲ. ತೀರಿಕೊಂಡ ತಂದೆಯದೋ ತಾಯಿಯದೋ ಮಾಸಿದ ಫೋಟೋ ಒಂದನ್ನು ಕಳುಹಿಸಿ, ಇದನ್ನೊಂದು ಚಿತ್ರ ಮಾಡಿಕೊಡಿರೆಂದು ಕೇಳಿದ ಅಪರಿಚಿತರಿಗೆ ಅವರು ಬರೆದುಕೊಟ್ಟ ಭಾವಚಿತ್ರಗಳಿವೆಯಷ್ಟೆ, ಅಲ್ಲಿ ನಟನ ಖ್ಯಾತಿಯ ಊರುಗೋಲಿಲ್ಲ, ಛಾಯಾಗ್ರಾಹಕನು ಮೊದಲೇ ಸಿದ್ಧಪಡಿಸಿದ ಬೆಳಕಿಲ್ಲ. ಎಷ್ಟೋ ವೇಳೆ ಇರುವುದು ಗುರುತಿನ ಚೀಟಿಗಾಗಿ ತೆಗೆಸಿದ, ಬೆದರಿದಂತೆ ಕಾಣುವ ಒಂದು ಮುಖ. ಅದರ ಯಜಮಾನಿಕೆಯಾದರೋ ಆ ಮನೆಯವರದು. ಹೋಲಿಕೆ ತಪ್ಪಿದರೆ ಮಗಳು ಒಂದೇ ನೋಟದಲ್ಲಿ ಕಂಡುಹಿಡಿಯುತ್ತಾಳೆ. ಈ ಬಗೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಅತಿಯಾದ ನುಣುಪು. ಅರುವತ್ತು ವರ್ಷದ ಬಿಸಿಲುಮಳೆಗಳು ಬರೆದ ಗೆರೆಗಳನ್ನು ಬ್ರಷ್ಷಿನ ಎರಡು ಬೀಸಿನಲ್ಲಿ ಅಳಿಸಿಬಿಟ್ಟರೆ ಉಳಿಯುವುದು ಬೇರೆ ಯಾರೋ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಿತ್ಯಜೀವನದಲ್ಲಿ ಬರೆಯಬೇಕಾದ ಮುಖಗಳು ಎಷ್ಟಿವೆ! ಆಶ್ಚರ್ಯವೆಂದರೆ ನಮ್ಮ ಪಾರಂಪರಿಕ ಕಲೆಗಳು ವ್ಯಕ್ತಿಯ ಸಾದೃಶ್ಯದ ಗೋಜಿಗೆ ಹೋಗಿದ್ದೇ ಇಲ್ಲ. ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆಚಿತ್ತಾರದಲ್ಲಿ ವಧೂವರರು ರೇಖಾಸಂಕೇತಗಳಾಗಿ ಬರುತ್ತಾರೆಯೇ ಹೊರತು ಇಂಥವನ ಮಗ, ಇಂಥವಳ ಮಗಳು ಎಂದು ಗುರುತು ಸಿಗುವಂತೆ ಅಲ್ಲ. ಯಕ್ಷಗಾನದ ಮುಖವರ್ಣಿಕೆಯಾದರೂ ಇರುವ ಮುಖವನ್ನು ಮರೆಸಿ ಪಾತ್ರದ ಮುಖವನ್ನು ಬರೆಯುವ ವಿದ್ಯೆ. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನಾಗಿ ರಂಗಕ್ಕೆ ಬಂದಾಗ ಬಣ್ಣದ ಹಿಂದಿನಿಂದ ಚಿಟ್ಟಾಣಿಯೇ ಕಾಣುತ್ತಿದ್ದರಲ್ಲ, ಅದನ್ನು ಹಿಡಿದುಕೊಡುವ ಚಿತ್ರಕ್ಕಾಗಿ ಕಾದಿದ್ದೇನೆ. 2017ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಬಹುತೇಕ ಡಿಜಿಟಲ್ ಚಿತ್ರಗಳು ಮುಂಡಾಸಿನ ಜರಿಯನ್ನು ಶ್ರದ್ಧೆಯಿಂದ ಎಣಿಸಿ ಬರೆದುವು. ಕಣ್ಣಿನ ತುಂಟತನವನ್ನು ಕೈಬಿಟ್ಟುವು.

ಅಡಿಕೆತೋಟದ ಬೆಳಕು ಇನ್ನೂ ಕಠಿನ. ಕೊನೆಕೊಯ್ಲಿನ ದಿನ ಮರದಿಂದ ಮರಕ್ಕೆ ದಾಟುವ ಕೊನೆಗೌಡನ ಮುಖದ ಮೇಲೆ ಬೀಳುವ ಬಿಸಿಲು ಸೋಗೆಗಳ ಸಂದಿಯಿಂದ ಚೂರುಚೂರಾಗಿ ಇಳಿದು ಹಸುರನ್ನು ಹಚ್ಚಿಕೊಂಡು ಬಂದಿರುತ್ತದೆ. ಅಡಿಕೆ ಬೇಯಿಸುವ ಹಂಡೆಯ ಬಳಿ ಸಂಜೆ ಕುಳಿತವಳ ಮುಖಕ್ಕೆ ಬೆಳಕು ಕೆಳಗಿನಿಂದ, ಒಲೆಯಿಂದ. ಕೈಯಲ್ಲಿ ಚೊಗರಿನ ಕೆಂಪು. ಇದನ್ನು ಯಾವ ಸಿನಿಮಾದ ಸ್ಥಿರಚಿತ್ರದಿಂದಲೂ ಎರವಲು ತರಲು ಬರುವುದಿಲ್ಲ. ಈ ತೋಟಗಳ ಮಗ್ಗುಲಿನ ಕಾಡಿನಲ್ಲಿರುವ ಯಾಣವನ್ನು 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ಯಲ್ಲಿ ಸುನಿಲ್‌ಕುಮಾರ್ ದೇಸಾಯಿ ಚೆಲುವಾಗಿಯೇ ತೋರಿಸಿದರು, ನಿಜ, ಆದರೆ ಅದು ಪ್ರವಾಸಿಯ ಬೆರಗಿನ ಕಾಡು.

ಯಲ್ಲಾಪುರದ ಕಡೆಯ ಸಿದ್ದಿಗಳ ಮುಖವನ್ನು ಬರೆಯಹೊರಟವನ ನಿಜವಾದ ಪರೀಕ್ಷೆ ವರ್ಣದಲ್ಲಿ. ಮೈಬಣ್ಣದ ಸಿದ್ಧಫಲಕವೆಂದು ಸಿಗುವ ಬಣ್ಣಸಾಲುಗಳಲ್ಲಿ ತಿಳಿಗುಲಾಬಿಯೂ ಗೋಧಿಯೂ ಮೆರೆಯುತ್ತವೆ. ಕಪ್ಪಿಗೆ ಸಂದ ಸ್ಥಾನ ಮೂಲೆಯ ಒಂದೆರಡು ಮನೆ. ಕೊಡಕ್ ಸಂಸ್ಥೆಯವರು ಬಣ್ಣದ ಅಚ್ಚನ್ನು ಸರಿಹೊಂದಿಸುವುದಕ್ಕೆ ಬಿಳಿಯ ಹೆಣ್ಣೊಬ್ಬಳ ಚಿತ್ರವನ್ನೇ ಬಹುಕಾಲ ಪ್ರಮಾಣವಾಗಿ ಇಟ್ಟುಕೊಂಡಿದ್ದರೆಂಬುದನ್ನು ನೆನೆದರೆ ಈ ಪಕ್ಷಪಾತ ಹೊಸದಲ್ಲವೆಂದು ತಿಳಿಯುತ್ತದೆ. ನೀನಾಸಮ್ಮಿನಲ್ಲಿ ಕಲಿತು ಸಿನಿಮಾಕ್ಕೆ ಬಂದ ಪ್ರಶಾಂತ ಸಿದ್ದಿಯವರ ಮುಖವನ್ನು ಬರೆದಿದ್ದ ಚಿತ್ರವೊಂದನ್ನು ಈಚೆಗೆ ನೋಡಿದೆ. ಕಂದಿಗೆ ಕಪ್ಪನ್ನು ಬೆರೆಸುತ್ತ ಹೋಗಿ ಮುಖವನ್ನು ಮಸಿಯಲ್ಲಿ ಅದ್ದಿದಂತೆ ಮಾಡಿದ್ದರು. ಹಣೆಯ ಮೇಲೆ ಆಕಾಶದ ನೀಲಿ ಹೊಳೆಯಬೇಕಾದ ಕಡೆ ಬೂದಿ ಬಳಿದಿತ್ತು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಗೌರವರ್ಣದಲ್ಲಿ 5 ಬಗೆಯನ್ನೂ ಶ್ಯಾಮವರ್ಣದಲ್ಲಿ 12 ಬಗೆಯನ್ನೂ ಹೇಳುತ್ತದೆ: ಹೆಸರುಕಾಳಿನ ಮುದ್ಗಶ್ಯಾಮ, ಗರಿಕೆಯ ಮೊಳಕೆಯ ದೂರ್ವಾಂಕುರಶ್ಯಾಮ, ಕನ್ನೈದಿಲೆಯ ನೀಲೋತ್ಪಲಶ್ಯಾಮ, ಮೋಡದ ಘನಶ್ಯಾಮ ಇತ್ಯಾದಿಯಾಗಿ. ಗೌರಕ್ಕಿಂತ ಶ್ಯಾಮದಲ್ಲಿ ಎರಡು ಪಟ್ಟಿಗೂ ಮಿಗಿಲಾದ ವೈವಿಧ್ಯವನ್ನು ಕಂಡ ಆ ಕಣ್ಣು ನಮ್ಮ ತಂತ್ರಾಂಶಗಳಿಗೆ ಇನ್ನೂ ಬಂದಿಲ್ಲ. ತರುಣರು ಸಿದ್ಧಫಲಕವನ್ನು ಮುಚ್ಚಿಟ್ಟು, ಎದುರಿಗೆ ಕುಳಿತವನ ಕೆನ್ನೆಯನ್ನೇ ನೋಡಿ ಹನ್ನೆರಡು ಬಣ್ಣಗಳನ್ನು ತಾವೇ ಕಲಸಿಕೊಳ್ಳಲಿ. ಆಮೇಲೆ ಬೇಕಾದರೆ ಚಿತ್ರತಾರೆಯರ ಕಡೆಗೆ ಹೋಗಲಿ.

ಇಂಥ ಚಿತ್ರವನ್ನು ಬರೆಸಿ ಮನೆಯಲ್ಲಿ ತೂಗುಹಾಕಬೇಕೆನ್ನುವವರಿಗೆ ಎರಡು ಮಾತು. ಮೊಬೈಲಿನಲ್ಲಿ ಚೆಂದ ಕಂಡಿತೆಂದು 1080 ಪಿಕ್ಸೆಲ್ ಅಗಲದ ಪ್ರತಿಯನ್ನು ಅಚ್ಚಿಗೆ ಕೊಟ್ಟರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದು ಮೂರೂವರೆ ಇಂಚಿಗಿಂತ ತುಸು ಹೆಚ್ಚು ಅಗಲಕ್ಕೆ ಮಾತ್ರ ಸಾಕು. ಎ3 ಹಾಳೆಗೆ 3508ಕ್ಕೆ 4961 ಪಿಕ್ಸೆಲ್ ಬೇಕೆಂದು ಬರೆಯುವ ಮೊದಲೇ ಹೇಳಿಬಿಡಬೇಕು. ಪರದೆಗೆ ತನ್ನದೇ ಬೆಳಕುಂಟು, ಕಾಗದಕ್ಕೆ ಇಲ್ಲ. ಶ್ಯಾಮಮುಖಗಳು ಕಾಗದದಲ್ಲಿ ಇನ್ನೊಂದು ಮೆಟ್ಟಿಲು ಕೆಳಗಿಳಿಯುವುದರಿಂದ ನೆರಳುಗಳನ್ನು ಸ್ವಲ್ಪ ತೆರವುಮಾಡಿಸಿ, ಹೊಳಪಿಲ್ಲದ ಕಾಗದದ ಮೇಲೆ ಒಂದು ಸಣ್ಣ ಮಾದರಿ ತೆಗೆಸಿ ನೋಡುವುದು ಒಳ್ಳೆಯದು. ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪರಟ್ಟಿನ ಅಂಚು ಇರಿಸಿ ಅಂತರ ಬಿಡಿಸಬೇಕು. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದು ಗಾಜಿಗೆ ಅಂಟಿದ ಚಿತ್ರವನ್ನು ಬಿಡಿಸಹೋದರೆ ಮುಖದ ಅರ್ಧ ಗಾಜಿನಲ್ಲಿಯೇ ಉಳಿಯುತ್ತದೆ. ಡಿಜಿಟಲ್ ಆದುದರಿಂದ ಇನ್ನೊಂದು ಪ್ರತಿ ತೆಗೆಸಬಹುದು, ಮೂಲಕಡತವನ್ನು ಚಿತ್ರಕಾರನಿಂದ ಕೇಳಿ ಇಟ್ಟುಕೊಂಡಿದ್ದರೆ.