ಸಿಪಿಯು ಕೈ ಹಚ್ಚದ ಪ್ಯಾಕೆಟ್

ರೌಟರ್ ಕೊಳ್ಳುವವರು ಡಬ್ಬದ ಮೇಲಿನ ಗಿಗಾಬಿಟ್ ಓದುತ್ತಾರೆ. ನಾನು ನೋಡುವುದು ಬೇರೆ: ಒಳಬಂದ ಪ್ಯಾಕೆಟ್ಟಿಗೆ ಸಿಪಿಯು ಎಷ್ಟು ಕೈ ಹಚ್ಚುತ್ತದೆ?

ಗೋಕಾಕದ ಬಸ್ ನಿಲ್ದಾಣವನ್ನೇ ತಗೊಳ್ಳಿ. “ಮೂಡಲಗಿ ಗಾಡಿ ಎಲ್ಲಿ ನಿಂದ್ರತೈತ್ರಿ?” ಎಂದು ಕೇಳಿದ ಒಬ್ಬೊಬ್ಬರಿಗೂ ಸಂಚಾರ ನಿಯಂತ್ರಕರು ವೇಳಾಪಟ್ಟಿ ತೆರೆದು ಹುಡುಕಿದರೆ ಅದು ಪ್ರೊಸೆಸ್ ಸ್ವಿಚಿಂಗ್. ಮೊದಲನೆಯವರಿಗೆ ಹುಡುಕಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಉಳಿದವರಿಗೆ ಚೀಟಿ ನೋಡಿ ಹೇಳಿದರೆ ಫಾಸ್ಟ್ ಸ್ವಿಚಿಂಗ್. ಮೂಡಲಗಿ, ಹುಕ್ಕೇರಿ ಎಂದು ಊರೂರಿನ ಜಾಗ ಬೆಳಿಗ್ಗೆಯೇ ಬೋರ್ಡಿಗೇರಿದ್ದರೆ ಅದು ಸಿಸ್ಕೊದ ಎಕ್ಸ್‌ಪ್ರೆಸ್ ಫಾರ್ವರ್ಡಿಂಗ್, ಬಾಯಿಮಾತಿನ ಸಿಇಎಫ್.

ಚೀಟಿಯ ಉಪಾಯ ಜಾಣತನದ್ದೇ, ದಿನಾ ಅದೇ ಊರಿನವರು ಬರುವತನಕ. ಹೊಸ ಹೊಸ ವಿಳಾಸಗಳು ಮುತ್ತಿದ ದಿನ ಎಲ್ಲವೂ ಮೊದಲನೆಯ ಪ್ಯಾಕೆಟ್ಟೇ. 2001ರಲ್ಲಿ ಕೋಡ್ ರೆಡ್ ವರ್ಮ್ ಸಿಕ್ಕಸಿಕ್ಕ ವಿಳಾಸಗಳ ಬಾಗಿಲು ತಟ್ಟಿದಾಗ ಚೀಟಿಯನ್ನೇ, ಅಂದರೆ ಕ್ಯಾಶನ್ನೇ ನಂಬಿದ್ದ ರೌಟರ್‌ಗಳು ಏದುಸಿರು ಬಿಟ್ಟದ್ದು ಹೀಗೆ. ಲಿನಕ್ಸ್ ಕೂಡ 2012ರಲ್ಲಿ, 3.6ನೇ ಆವೃತ್ತಿಯಿಂದ, ಐಪಿವಿ4ರ ರೂಟಿಂಗ್ ಕ್ಯಾಶನ್ನು ಕಿತ್ತುಹಾಕಿತು. ಸಿಇಎಫ್‌ನಲ್ಲಾದರೆ ಪ್ಯಾಕೆಟ್ ಬರುವ ಮೊದಲೇ ಎರಡು ಕೋಷ್ಟಕ ತಯಾರಿರುತ್ತವೆ: ಯಾವ ದಾರಿ ಎಂಬುದಕ್ಕೊಂದು, ಪಕ್ಕದ ಯಂತ್ರದ ಮ್ಯಾಕ್ ವಿಳಾಸ ಹೊತ್ತ ಹೆಡರ್‌ಗೆ ಇನ್ನೊಂದು.

ಇದರ ರುಚಿ ಹತ್ತಬೇಕೆಂದರೆ ದಟ್ಟಣೆಯ ಸಿಸ್ಕೊ ಪೆಟ್ಟಿಗೆಯಲ್ಲಿ ‘ಡಿಬಗ್ ಐಪಿ ಪ್ಯಾಕೆಟ್’ ಕೊಟ್ಟು ನೋಡಿ. ಹಾಯ್ದುಹೋಗುವ ಡೇಟಾದ ಸುಳಿವೇ ಇಲ್ಲ! ಪ್ರೊಸೆಸ್ ಸ್ವಿಚಿಂಗ್‌ಗೆ ಬಿದ್ದದ್ದಷ್ಟೇ ಅಲ್ಲಿ ಕಾಣುವುದು. ಪರದೆ ಖಾಲಿಯಿದ್ದಷ್ಟೂ ನನಗೆ ಖುಷಿ. ಎಲ್ಲ ಕಾಣಲೆಂದು ಸಿಇಎಫ್ ಬಂದ್ ಮಾಡುವ ಹುಡುಗರಿದ್ದಾರೆ. ನಡುಹಗಲಿನಲ್ಲಿ ಆ ಸಾಹಸ ಬೇಡ ಮಾರಾಯರೆ.

ಕೇಬಲ್ ಟಿವಿಯವರೇ ಇಂಟರ್‌ನೆಟ್ ಕೊಡುವ ನಮ್ಮಂಥ ಊರುಗಳಿಗೆ ಸಿಸ್ಕೊ ದುಬಾರಿ, ಮೈಕ್ರೊಟಿಕ್ ಕೈಗೆಟಕುವಂಥದ್ದು. ಅದರ ಫಾಸ್ಟ್‌ಟ್ರ್ಯಾಕ್ ಸಹ ಚೀಟಿಯ ವಂಶದ್ದೇ. ಸಂಪರ್ಕ ಒಮ್ಮೆ ಕುದುರಿತೆಂದರೆ ಬಹುಪಾಲು ಪ್ಯಾಕೆಟ್‌ಗಳು ಫೈರ್‌ವಾಲ್, ವೇಗಕ್ಕೆ ಮಿತಿ ಹಾಕುವ ಸಿಂಪಲ್ ಕ್ಯೂ ಎರಡನ್ನೂ ತಪ್ಪಿಸಿಕೊಂಡು ಓಡುತ್ತವೆ. ಸಿಪಿಯು ಹಗುರ, ನಿಜ. ಆದರೆ 20 ಎಂಬಿಪಿಎಸ್ ಪ್ಲಾನಿನ ಗಿರಾಕಿಗೆ ಹಾಕಿದ ಮಿತಿಯೂ ಹಾರಿಹೋಯಿತು. ಮನೆಗಾದರೆ ಧಾರಾಳವಾಗಿ ಇಟ್ಟುಕೊಳ್ಳಿ. ಹುಕ್ಕೇರಿಯಲ್ಲೋ ಮೂಡಲಗಿಯಲ್ಲೋ ಗಿರಾಕಿಗೊಂದು ಕ್ಯೂ ಕಟ್ಟಿ ಬಿಲ್ ಮಾಡುವವರು ಅದರ ಆಸೆ ಬಿಟ್ಟು ಇನ್ನೂ ನಾಲ್ಕು ಕೋರ್ ಹೆಚ್ಚಿರುವ ಪೆಟ್ಟಿಗೆಗೆ ದುಡ್ಡು ಹಾಕಲಿ. ಮನೆಬಳಕೆಯ ಮಾದರಿಗಳಲ್ಲಿ ಫಾಸ್ಟ್‌ಟ್ರ್ಯಾಕ್ ಕಂಪನಿಯಿಂದಲೇ ಚಾಲೂ ಆಗಿ ಬಂದಿರುತ್ತದೆ. ಕ್ಯೂ ಕಟ್ಟಿಯೂ ವೇಗ ಇಳಿಯಲಿಲ್ಲವೆಂದರೆ ಮೊದಲು ಫೈರ್‌ವಾಲ್ ಪಟ್ಟಿಯಲ್ಲಿ ಆ ಸಾಲು ಹುಡುಕಿ.