ಸಹಿಗೆ ಮುನ್ನ ಸದಸ್ಯರು: ವೇತನ ಒಪ್ಪಂದದ ರೂಢಿಯೊಂದರ ವಿಮರ್ಶೆ

ಕಾರ್ಮಿಕ ಸಂಘದ ಕೆಲಸಗಳಲ್ಲಿ ಸದಸ್ಯರ ಬದುಕನ್ನು ವೇತನ ಒಪ್ಪಂದದಷ್ಟು ನೇರವಾಗಿ ತಟ್ಟುವಂಥದ್ದು ಬೇರೊಂದಿಲ್ಲ. ಹಾಗಿದ್ದೂ ಸದಸ್ಯರನ್ನು ದೂರವಿಟ್ಟು ನಡೆಯುವ ಕೆಲಸವೂ ಬಹುಮಟ್ಟಿಗೆ ಅದೇ ಆಗಿದೆ. ಚಂದಾ ಕೊಡಿ, ಗೇಟ್ ಮೀಟಿಂಗಿಗೆ, ಅಂದರೆ ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಡೆಯುವ ಸಭೆಗೆ ಬನ್ನಿ, ಮುಷ್ಕರಕ್ಕೆ ಸಿದ್ಧರಾಗಿ ಎಂಬ ಕರೆ ಅವರಿಗೆ ತಪ್ಪದೆ ತಲುಪುತ್ತದೆ. ಬೇಡಿಕೆ ಪಟ್ಟಿಯಲ್ಲಿ ಏನಿರಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬ ಪ್ರಶ್ನೆ ತಲುಪುವುದಿಲ್ಲ. ಮಂಡ್ಯ ತಾಲ್ಲೂಕಿನ ಹೊಳಲಿನಂಥ ಊರುಗಳಿಂದ, ಮದ್ದೂರು ಮತ್ತು ಮಳವಳ್ಳಿ ಸೀಮೆಯಿಂದ ಗಾರ್ಮೆಂಟ್ಸಿಗೆ, ಸಕ್ಕರೆ ಕಾರ್ಖಾನೆಗೆ, ಸಾರಿಗೆ ಡಿಪೊಗಳಿಗೆ ದುಡಿಯಲು ಹೋಗುವವರ ಮಟ್ಟಿಗೆ ಈ ರೂಢಿ ಎಷ್ಟು ಹಿತಕರ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಕಾನೂನಿನ ದೃಷ್ಟಿಯಿಂದ ನೋಡಿದರೂ ಈ ದೂರ ಸಣ್ಣ ವಿಷಯವಲ್ಲ. ಏಳು ದಶಕಗಳಿಗೂ ಹೆಚ್ಚು ಕಾಲ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯು ಒಪ್ಪಂದಗಳನ್ನು ಎರಡು ಬಗೆಯಾಗಿ ನೋಡಿತ್ತು. ಸಂಘ ಮತ್ತು ಆಡಳಿತವರ್ಗ ತಾವೇ ಮಾಡಿಕೊಂಡ ಒಪ್ಪಂದವು 18(1)ನೆಯ ಪ್ರಕರಣದಂತೆ ಸಹಿ ಹಾಕಿದ ಪಕ್ಷಗಳಿಗಷ್ಟೇ ಅನ್ವಯವಾಗುತ್ತಿತ್ತು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದವಾದರೋ 18(3)ರಂತೆ ಸಂಘಕ್ಕೆ ಸೇರದವರನ್ನೂ, ಮುಂದೆ ಕೆಲಸಕ್ಕೆ ಸೇರುವವರನ್ನೂ ಕಟ್ಟಿಹಾಕುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಒಬ್ಬಿಬ್ಬರ ಸಹಿಯು ಸಾವಿರಾರು ಮಂದಿಯ ಮೂರು ನಾಲ್ಕು ವರ್ಷಗಳ ದುಡಿಮೆಯನ್ನು ನಿರ್ಧರಿಸುವುದಾದರೆ ಆ ಸಹಿಯ ಹಿಂದೆ ಯಾರ ಒಪ್ಪಿಗೆ ಇದೆ ಎಂದು ಕೇಳಲೇಬೇಕಾಗುತ್ತದೆ. ಬ್ರೂಕ್ ಬಾಂಡ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿ, ಸಂಘದ ನಿಯಮಾವಳಿಯಾಗಲಿ ಕಾರ್ಯಕಾರಿ ಸಮಿತಿಯಾಗಲಿ ಅಧಿಕಾರ ಕೊಡದೆ ಪದಾಧಿಕಾರಿಗಳು ಹಾಕಿದ ಸಹಿಯಿಂದ ಒಪ್ಪಂದವಾಗದು ಎಂದು ಹೇಳಿತು. ಆದರೆ ನ್ಯಾಯಾಲಯ ಕೇಳಿದ್ದು ಸಮಿತಿಯ ಅಧಿಕಾರವನ್ನು, ಸರ್ವಸದಸ್ಯರ ಒಪ್ಪಿಗೆಯನ್ನಲ್ಲ. ಆ ಉಳಿದ ಹೆಜ್ಜೆಯನ್ನು ಸಂಘಗಳೇ ಇಡಬೇಕಾಗಿದೆ.

ಅಮೆರಿಕದ ಸಂಘಟಕಿ ಜೇನ್ ಮೆಕಲೇವಿ ಮತ್ತು ಆ್ಯಬಿ ಲಾಲರ್ 2023ರಲ್ಲಿ ಪ್ರಕಟಿಸಿದ 'ರೂಲ್ಸ್ ಟು ವಿನ್ ಬೈ' ಎಂಬ ಪುಸ್ತಕ ಆ ಹೆಜ್ಜೆಯನ್ನೇ ವಿವರವಾಗಿ ವಾದಿಸುತ್ತದೆ. ಫಿಲಡೆಲ್ಫಿಯಾದ ದಾದಿಯರಿಂದ ಬರ್ಲಿನ್ನಿನ ಆಸ್ಪತ್ರೆ ನೌಕರರವರೆಗಿನ ಅನುಭವಗಳನ್ನು ಮುಂದಿಟ್ಟು, ಮಾತುಕತೆಯ ಕೋಣೆಗೆ ಎಲ್ಲ ಸದಸ್ಯರಿಗೂ ಪ್ರವೇಶವಿರಬೇಕೆಂದು ಅದು ಹೇಳುತ್ತದೆ. ಒಳಗೆ ಬಂದವರು ಮುಖದಲ್ಲಿ ಭಾವನೆ ತೋರಬಾರದು, ಗೊತ್ತುಪಡಿಸಿದವರ ಹೊರತು ಯಾರೂ ಮಾತನಾಡಬಾರದು, ಹೇಳುವುದಿದ್ದರೆ ಚೀಟಿ ಬರೆದು ಮುಖ್ಯ ಸಂಧಾನಕಾರರಿಗೆ ದಾಟಿಸಬೇಕು ಎಂಬ ಕಟ್ಟುಪಾಡು ಅದರಲ್ಲಿದೆ. ಗುಟ್ಟಿನಲ್ಲಿಟ್ಟರಷ್ಟೇ ಮಾತುಕತೆ ಫಲಿಸುತ್ತದೆ ಎಂಬ ಹಳೆಯ ನಂಬಿಕೆಗೆ ಇದು ನೇರವಾದ ಉತ್ತರ, ಮತ್ತು ಆ ಉತ್ತರದಲ್ಲಿ ಬಲವಿದೆ. ಮುಖಂಡರು ಶೇಕಡಾವಾರು ಲೆಕ್ಕವನ್ನು ಚೆನ್ನಾಗಿ ಬಲ್ಲರು. ಆದರೆ ದಪ್ಪ ಬಟ್ಟೆಯ ಬಂಡಲ್ ಬಂದ ದಿನ ಕಾಲರ್ ಹೊಲಿಯುವ ಟೈಲರಿಗೆ ಗಂಟೆಯ ಟಾರ್ಗೆಟ್ ಏಕೆ ಮುಟ್ಟುವುದಿಲ್ಲ, ಆ ಟಾರ್ಗೆಟ್ ಮುಟ್ಟಲು ಆಕೆ ನೀರು ಕುಡಿಯುವುದನ್ನೇ ಏಕೆ ಬಿಡುತ್ತಾಳೆ, ಕೂಸುಮನೆ ಎಷ್ಟು ಹೊತ್ತಿಗೆ ಬಾಗಿಲು ತೆರೆದರೆ ಊರಿನಿಂದ ಬರುವ ತಾಯಿಗೆ ಉಪಯೋಗ ಎಂಬುದನ್ನು ಬಲ್ಲವಳು ಆ ಯಂತ್ರದ ಮುಂದೆ ಕುಳಿತವಳೇ. ಆಡಳಿತವರ್ಗದವರು ಆ ಲೈನಿನಲ್ಲಿ ಯಾವ ತೊಂದರೆಯೂ ಇಲ್ಲ ಎಂದಾಗ ಎದುರಿಗೆ ಆಕೆ ಇದ್ದರೆ ಆ ಮಾತು ನಿಲ್ಲುವುದಿಲ್ಲ.

ಗಾರ್ಮೆಂಟ್ಸ್ ಕ್ಷೇತ್ರದಲ್ಲಿ ಇಂಥ ಅಭ್ಯಾಸ ಬೆಳೆಯದಿರಲು ಕಾರಣವಿದೆ. ಅಲ್ಲಿನ ಕೂಲಿ ಬಹುತೇಕ ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆ ಮತ್ತು ಬೆಲೆಯೇರಿಕೆಗೆ ತಕ್ಕಂತೆ ಏರುವ ತುಟ್ಟಿಭತ್ಯೆಯಿಂದ ನಿಗದಿಯಾಗುವುದರಿಂದ ಚೌಕಾಸಿಯ ಅನುಭವವೇ ಸದಸ್ಯರಿಗೆ ಒದಗುವುದಿಲ್ಲ. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆಯಂತೆ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು ಸರ್ಕಾರ ಮುಂದೂಡಿದಾಗ, ಆ ಮೊತ್ತದ ಮೇಲೆ ಪಟ್ಟು ಹಿಡಿಯಲು ಕಾರ್ಖಾನೆ ಮಟ್ಟದ ಒಪ್ಪಂದಗಳು ಇಲ್ಲದ್ದು ಎದ್ದು ಕಂಡಿತು. ಅದೇ ವರ್ಷದ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ, ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲಾತಿಂಗ್ ಕಂಪನಿಯ ಘಟಕದಿಂದ ಯಂತ್ರಗಳನ್ನು ಸಾಗಿಸತೊಡಗಿದಾಗ, ಕೆಲಸಕ್ಕೆ ಕುತ್ತು ಬಂದ 1,200ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಮಹಿಳೆಯರು. ಅವರು ವಾರಗಟ್ಟಲೆ ಧರಣಿ ಕುಳಿತರು. ಆರ್ಡರುಗಳು ಇಳಿದವೆಂಬುದು ಕಂಪನಿಯ ವಾದವಾಗಿತ್ತು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಹೋರಾಟ, ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ ಸಂಸ್ಥೆಯ ಮೇಲಿನ ಒತ್ತಡ ಇವುಗಳ ಫಲವಾಗಿ 2021ರ ಆರಂಭದಲ್ಲಿ ಒಪ್ಪಂದವಾಗಿ, ಕೆಲಸ ಕಳೆದುಕೊಂಡವರಿಗೆ ಬೇರೆ ಘಟಕಗಳಲ್ಲಿ ಕೆಲಸ ಕೊಡಲು, ಸಂಘದೊಡನೆ ಮಾತುಕತೆ ನಡೆಸಲು ಕಂಪನಿ ಒಪ್ಪಿತು. ಮಾತುಕತೆಗೆ ಬಲ ಬಂದದ್ದು ಧರಣಿ ಕುಳಿತವರಿಂದ ಎಂಬುದು ನಿರ್ವಿವಾದ; ಕಾರ್ಖಾನೆ ಮುಚ್ಚುವ ಹಂತ ತಲುಪುವ ತನಕ ಆ ಬಲಕ್ಕೆ ಜಾಗವೇ ಇರಲಿಲ್ಲ ಎಂಬುದೇ ಇಲ್ಲಿನ ನೋವು.

ಸಾರಿಗೆ ನೌಕರರ ಚರಿತ್ರೆ ಇದಕ್ಕಿಂತ ಭಿನ್ನ. ಮಂಡ್ಯ ವಿಭಾಗದ ಡಿಪೊಗಳ ಚಾಲಕ ನಿರ್ವಾಹಕರೂ ಸೇರಿದಂತೆ ಕೆಎಸ್ಆರ್‌ಟಿಸಿ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯ ಪದ್ಧತಿ ಇದೆ. 2020ರ ಡಿಸೆಂಬರ್ ಮತ್ತು 2021ರ ಏಪ್ರಿಲ್‌ನ ಮುಷ್ಕರಗಳ ತರುವಾಯ 2023ರ ಮಾರ್ಚ್‌ನಲ್ಲಿ ಮೂಲ ವೇತನಕ್ಕೆ ಶೇ. 15ರ ಏರಿಕೆ ಬಂದದ್ದು ಸರ್ಕಾರದ ಆದೇಶವಾಗಿ. ಹಿಂದಿನ 38 ತಿಂಗಳ ಬಾಕಿ ಇತ್ಯರ್ಥವಾಗದೆ ಉಳಿದು, 2025ರ ಆಗಸ್ಟ್ 5ರ ಮುಷ್ಕರಕ್ಕೆ ಅದೂ ಒಂದು ಕಾರಣವಾಯಿತು. ಕೊಟ್ಟಷ್ಟನ್ನು ಪಡೆಯುವುದಕ್ಕೂ, ಒಪ್ಪಿ ಪಡೆಯುವುದಕ್ಕೂ ಇರುವ ಅಂತರ ಈ ಬಾಕಿಯಲ್ಲಿ ರೂಪಾಯಿ ಲೆಕ್ಕದಲ್ಲೇ ಕಾಣುತ್ತದೆ.

ಹಾಗೆಂದು ಮೆಕಲೇವಿಯ ವಿಧಾನವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ವಿವಾದ ಬಾಕಿಯಿರುವಾಗ ಶಿಸ್ತುಕ್ರಮದಿಂದ ವಿಶೇಷ ರಕ್ಷಣೆ ಪಡೆಯುವ 'ಸಂರಕ್ಷಿತ ಕಾರ್ಮಿಕ'ರ ಸಂಖ್ಯೆಯನ್ನು 1947ರ ಕಾಯ್ದೆಯು ಒಟ್ಟು ಕಾರ್ಮಿಕರ ನೂರಕ್ಕೆ ಒಂದರಂತೆ, ಕನಿಷ್ಠ 5, ಗರಿಷ್ಠ 100 ಎಂದು ಮಿತಿಗೊಳಿಸಿತ್ತು. ಸಂಧಾನದ ಕೋಣೆಯಲ್ಲಿ ನೂರಾರು ಮಂದಿ ಮುಖ ತೋರಿಸಿದರೆ ಆ ರಕ್ಷಣೆ ಇಲ್ಲದವರೇ ಅವರಲ್ಲಿ ಹೆಚ್ಚಾಗಿರುತ್ತಾರೆ, ಮಾರನೆಯ ದಿನ ಸೂಪರ್‌ವೈಸರ್‌ನ ಕಣ್ಣು ಅವರ ಮೇಲೆಯೇ ಬೀಳುತ್ತದೆ. ಸಂಜೆ ಕಾರ್ಖಾನೆಯ ಬಸ್ಸು ತಪ್ಪಿದರೆ ಹೊಳಲಿಗೆ ಹಿಂತಿರುಗುವ ದಾರಿ ಹುಡುಕಬೇಕಾದ ಹೆಣ್ಣುಮಗಳು ಎಷ್ಟೇ ಬಯಸಿದರೂ ರಾತ್ರಿಯ ಸಭೆಗೆ ನಿಲ್ಲಲಾರಳು. ಕರಡು ಇಂಗ್ಲಿಷಿನಲ್ಲಿದ್ದರೆ ಕೋಣೆಯ ಬಾಗಿಲು ತೆರೆದರೂ ಪ್ರಯೋಜನವಿಲ್ಲ. ಆದ್ದರಿಂದ ಲೈನಿಗೊಬ್ಬರಂತೆ ಪ್ರತಿನಿಧಿಗಳ ಸಮಿತಿ, ಊಟದ ವಿರಾಮದಲ್ಲಿ ಅಥವಾ ಬಸ್ಸು ಹತ್ತುವ ಮುನ್ನ ಬೇಡಿಕೆ ಸಂಗ್ರಹ, ಹೆಸರು ಬೇಡದ ಚೀಟಿಯಲ್ಲಿ ಅಭಿಪ್ರಾಯ, ಸಹಿಗೆ ಮುನ್ನ ಕನ್ನಡದ ಕರಡನ್ನು ಓದಿ ಹೇಳಿ ಗುಪ್ತ ಮತದಾನ ನಡೆಸುವುದು ಈ ಸೀಮೆಗೆ ಹೆಚ್ಚು ಒಗ್ಗುವ ಕ್ರಮ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯು ಹಲವು ಸಂಘಗಳಿರುವ ಕಡೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಏಕೈಕ ಸಂಧಾನ ಸಂಘವೆಂದು ಮಾನ್ಯ ಮಾಡುತ್ತದೆ, ಅಷ್ಟು ಬಲ ಯಾರಿಗೂ ಇಲ್ಲದಿದ್ದರೆ ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿಯಂತೆ ಸಂಧಾನ ಮಂಡಳಿ ರಚಿಸಲು ಹೇಳುತ್ತದೆ. ಇದು ಎಣಿಸುವುದು ಹಾಜರಿ ಪಟ್ಟಿಯಲ್ಲಿರುವ ಹೆಸರುಗಳನ್ನು. ಆ ಹೆಸರಿನವರು ಕರಡನ್ನು ನೋಡಿದ್ದಾರೆಯೇ ಎಂದು ಅದು ಕೇಳುವುದಿಲ್ಲ. ಸದಸ್ಯರ ಮತವಿಲ್ಲದೆ ಯಾವ ಪದಾಧಿಕಾರಿಯೂ ವೇತನ ಒಪ್ಪಂದಕ್ಕೆ ಸಹಿ ಹಾಕತಕ್ಕದ್ದಲ್ಲ ಎಂಬ ಸಾಲನ್ನು ಸಂಘದ ನಿಯಮಾವಳಿಗೆ ಸೇರಿಸಲು ಸರ್ವಸದಸ್ಯರ ಸಭೆಯ ಒಂದು ಠರಾವು ಬೇಕು, ಮತ್ತು ಅದನ್ನು ಮಂಡಿಸುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇರಬೇಕು.