ಉಪಗೂಹನದ ಆಚೆಗೆ ಸ್ಥಿತಿಕರಣ

ಮದ್ಯ, ಮಾಂಸ, ಮಧುಗಳ ತ್ಯಾಗ ಹಾಗೂ ಐದು ಅಣುವ್ರತಗಳನ್ನು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನ ಅಷ್ಟಮೂಲಗುಣಗಳೆಂದು ಹೇಳುತ್ತದೆ. ಮೂಲಗುಣವೆಂದ ಮೇಲೆ ಅದು ಜೈನ ಮನೆಯಲ್ಲಿ ಇದ್ದೇ ಇರುತ್ತದೆಂಬ ನಂಬಿಕೆ ಸಮಾಜದಲ್ಲಿ ಬೇರೂರಿದೆ. ಆದುದರಿಂದಲೇ ಕುಡಿತಕ್ಕೆ ಸಿಕ್ಕಿದ ಮಗನಿರುವ ಮನೆ ಮೊದಲು ಹುಡುಕುವುದು ಚಿಕಿತ್ಸೆಯನ್ನಲ್ಲ, ಮರೆಯನ್ನು. ಅವನನ್ನು ದೂರದ ಊರಿನ ಚಿಕಿತ್ಸಾಲಯಕ್ಕೆ ಸೇರಿಸಿ, ವ್ಯಾಪಾರದ ನಿಮಿತ್ತ ಹೋಗಿದ್ದಾನೆಂದು ನೆಂಟರಿಗೆ ಹೇಳಲಾಗುತ್ತದೆ. ಹಿಂದಿರುಗಿದ ದಿನದಿಂದ ಆತ ಒಬ್ಬಂಟಿ. ಸ್ವಂತ ಊರಿನಲ್ಲಿ, ವಾರವಾರವೂ ಕುಳಿತು ಮಾತನಾಡಬಲ್ಲ ಜೊತೆಗಾರರು ಅವನಿಗೆ ಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ಈ ಕೊರತೆಯ ಹಿನ್ನೆಲೆಯಲ್ಲಿ, 1939ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಗ್ರಂಥವನ್ನು ಜೈನ ಓದುಗರು ಪರಿಶೀಲಿಸುವುದು ಯುಕ್ತ. ಅದೇ ಹೆಸರಿನ ಸಂಘಟನೆಯ ಹುಟ್ಟೇ ಒಂದು ಹುಡುಕಾಟದ ಕಥೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ಒಹಾಯೊದ ಆಕ್ರನ್ ನಗರದ ಹೋಟೆಲೊಂದರಲ್ಲಿ ವ್ಯವಹಾರ ಕೆಟ್ಟು ನಿಂತಿದ್ದ. ಮದ್ಯದಂಗಡಿ ಕೂಗಳತೆಯಲ್ಲಿತ್ತು. ಆತ ಅತ್ತ ಹೋಗದೆ ಊರಿನ ಪಾದ್ರಿಗಳಿಗೆ ದೂರವಾಣಿ ಮಾಡಿ, ತನ್ನಂತೆಯೇ ನರಳುವ ಇನ್ನೊಬ್ಬ ಕುಡುಕ ಈ ಊರಿನಲ್ಲಿದ್ದಾನೆಯೇ ಎಂದು ವಿಚಾರಿಸಿದ. ಹೀಗೆ ದೊರೆತವನು ಶಸ್ತ್ರವೈದ್ಯ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕೆಂದು ಒಪ್ಪಿ ಬಂದ ವೈದ್ಯ ಗಂಟೆಗಟ್ಟಲೆ ಕುಳಿತ. ಅಲ್ಲಿ ಒಬ್ಬನು ಇನ್ನೊಬ್ಬನಿಗೆ ಉಪದೇಶ ಮಾಡಲಿಲ್ಲ. ತನ್ನ ಕಥೆ ಹೇಳಿಕೊಂಡ, ಅಷ್ಟೇ.

ಗ್ರಂಥದ ಹನ್ನೆರಡು ಮೆಟ್ಟಿಲುಗಳಲ್ಲಿ ಜೈನನಿಗೆ ಎಡರುವುದು ಈಶ್ವರನ ಮಾತು. ಜೀವದ ಕರ್ಮವನ್ನು ಬೇರೊಬ್ಬ ಕರ್ತೃ ತೊಡೆಯುವನೆಂಬುದನ್ನು ಜಿನಸಿದ್ಧಾಂತ ಒಪ್ಪದು. ಈ ಆಕ್ಷೇಪ ಹಗುರವಾದುದಲ್ಲ. ಗ್ರಂಥದ ಕೆಲವು ಭಾಗಗಳಲ್ಲಿ ಕ್ರೈಸ್ತ ಪ್ರಾರ್ಥನೆಯ ಧ್ವನಿ ದಟ್ಟವಾಗಿಯೇ ಇದೆ. ಆದರೆ ಮೊದಲ ಸದಸ್ಯರಲ್ಲಿದ್ದ ನಾಸ್ತಿಕರ ಹಟದಿಂದಾಗಿ, ಅವರವರು ತಿಳಿದಂತೆ ಎಂಬ ಅರ್ಥದ ಮಾತು ಅಲ್ಲಿ ಸೇರಿತು. ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಉಳಿದ ಮೆಟ್ಟಿಲುಗಳಲ್ಲಿ ಶ್ರಾವಕನಿಗೆ ಹೊಸತೇನಿದೆ? ತನ್ನ ದೋಷಗಳನ್ನು ನಿರ್ಭಯವಾಗಿ ಎಣಿಸುವುದು, ಇನ್ನೊಬ್ಬರ ಮುಂದೆ ನಿವೇದಿಸುವುದು, ನೊಂದವರಿಗೆ ಪರಿಹಾರ ನೀಡುವುದು: ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ಬಂಧುಗಳೇ ಇವು. ವ್ಯತ್ಯಾಸವೆಂದರೆ ಅಲ್ಲಿ ಕೇಳುವವನೂ ಅದೇ ದೋಷದಲ್ಲಿ ಬಿದ್ದೆದ್ದವನು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣಕ್ಕೆ ದೃಷ್ಟಾಂತವಾದ ವಾರಿಷೇಣನ ಕಥೆ ಇಲ್ಲಿ ನೆನಪಾಗುತ್ತದೆ. ಮುನಿಯಾದರೂ ಹೆಂಡತಿಯನ್ನು ಮರೆಯಲಾರದೆ ತೊಳಲುತ್ತಿದ್ದ ಪುಷ್ಪಡಾಳನನ್ನು ವಾರಿಷೇಣ ಗದರಿಸಲಿಲ್ಲ. ಅರಮನೆಗೆ ಕರೆದೊಯ್ದು, ತಾನು ಬಿಟ್ಟುಬಂದುದನ್ನೆಲ್ಲ ಅವನ ಕಣ್ಣಮುಂದೆ ನಿಲ್ಲಿಸಿದ. ಬಿಟ್ಟವನು ಬಿಡಲಾರದವನ ಪಕ್ಕದಲ್ಲಿ ನಿಂತದ್ದೇ ಆ ಕಥೆಯ ಜೀವಾಳ.

ಸಮಾಜದ ತಪ್ಪು ಇರುವುದು ಉಪಗೂಹನವನ್ನು ಅರ್ಥೈಸಿದ ರೀತಿಯಲ್ಲಿ. ಪರರ ದೋಷವನ್ನು ಬೀದಿಗೆ ತರಬಾರದೆಂಬುದು ಆ ಅಂಗದ ಆಶಯ; ಮನೆತನದ ಮರ್ಯಾದೆಗಾಗಿ ರೋಗಿಯನ್ನೇ ಬಚ್ಚಿಡುವುದಲ್ಲ. ಹೆಸರು ಹೊರಗೆ ಹೇಳದ ಆ ಸಭೆಗಳ ನಿಯಮ ಉಪಗೂಹನಕ್ಕೆ ಹೆಚ್ಚು ಹತ್ತಿರ, ಏಕೆಂದರೆ ಅಲ್ಲಿ ಮರೆಯೂ ಇದೆ, ಮರೆಯೊಳಗೆ ಕೈಹಿಡಿಯುವವರೂ ಇದ್ದಾರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಲವು ವರ್ಷ ನಿತ್ಯ ಕುಡಿದವನನ್ನು ಮುನಿಗಳ ಮುಂದೆ ನಿಲ್ಲಿಸಿ ಅಂದೇ ನಿಯಮ ಕೊಡಿಸುವ ಹಿರಿಯರಿದ್ದಾರೆ. ಹಠಾತ್ತನೆ ಬಿಟ್ಟಾಗ ನಡುಕ, ಅಪಸ್ಮಾರ, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಆರೈಕೆ ಮೊದಲು, ವ್ರತ ಅನಂತರ. ಆ ಗ್ರಂಥವೂ ವೈದ್ಯ ಸಿಲ್ಕ್‌ವರ್ತ್ ಅವರ ಅಭಿಪ್ರಾಯವನ್ನು ಆರಂಭದಲ್ಲಿಯೇ ಇರಿಸಿದೆ.

ಹುಡುಕುವವರಿಗೆ ಕರ್ನಾಟಕದಲ್ಲಿ ದಾರಿಗಳಿವೆ. ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲೂ ವಿಚಾರಿಸಬಹುದು. ಅನಾನಿಮಸ್ ಸಭೆಗಳು ಎಷ್ಟೋ ಕಡೆ ಚರ್ಚಿನ ಅಥವಾ ಶಾಲೆಯ ಕೊಠಡಿಯಲ್ಲಿ ಸೇರುತ್ತವೆ, ಮತ್ತು ಚರ್ಚಿನ ಬಾಗಿಲಲ್ಲೇ ಜೈನ ಗೃಹಸ್ಥನ ಕಾಲು ಹಿಂದೆಗೆಯುತ್ತದೆ. ಬಸದಿಯ ಆವರಣದ ಹೊರಗೆ, ಟ್ರಸ್ಟಿನ ಪಾಠಶಾಲೆಯಲ್ಲಿಯೋ ಧರ್ಮಶಾಲೆಯಲ್ಲಿಯೋ ವಾರಕ್ಕೆ ಒಂದು ಸಂಜೆ ಬರಿದಾಗಿರುವ ಕೊಠಡಿ ಇಲ್ಲವೇ? ಹೊರಗಿನವರ ದಾನ ಸ್ವೀಕರಿಸದಿರುವುದು ಈ ಸಭೆಗಳ ಸಂಪ್ರದಾಯವಾದುದರಿಂದ ಟ್ರಸ್ಟು ಅಲ್ಪ ಬಾಡಿಗೆಯನ್ನಾದರೂ ಪಡೆಯಬೇಕಾಗುತ್ತದೆ. ದಾನಿಗಳ ಹೆಸರಿನ ಶಿಲಾಫಲಕಕ್ಕೆ ಇಲ್ಲಿ ಎಡೆಯಿಲ್ಲವೆಂಬುದು ಕೆಲವರಿಗೆ ನಿರಾಶೆ ತಂದೀತು. ಹೆಂಡತಿ, ತಾಯಂದಿರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ. ಅದಕ್ಕೂ ಪಕ್ಕದ ಕೊಠಡಿ ಸಾಕು. ಪೂಜೆಯ ವೇಳೆಯನ್ನು ಬರೆಯುವ ಹಲಗೆಯಲ್ಲಿ ಸಭೆಯ ವಾರ, ಗಂಟೆಗಳನ್ನು ಒಂದು ಸಾಲಿನಲ್ಲಿ ಬರೆದರೆ, ಕೇಳಲು ನಾಚುವವರೂ ನಿಂತು ಓದಿಕೊಳ್ಳುತ್ತಾರೆ.